ಮಾವ ಕೂರುತ್ತಿದ್ದ ಪೆಟ್ಟಿಗೆ

ಹಳೆಯ ಜೇನುಪೆಟ್ಟಿಗೆಗಳು ಮನೆಗೆ ಬಂದ ದಿನ ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು. ಅತ್ತೆ ಬೈದರೆ ಆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೈಗುಳ ಬೆಳಗಿನ ಚಹಾದಷ್ಟೇ ಮಾಮೂಲು. ಮಾತು ನಿಲ್ಲಿಸಿದರೆ ಮಾತ್ರ ಎಲ್ಲರಿಗೂ ಕಸಿವಿಸಿ. ಮಗ ತನ್ನ ಮೂರು ಚಕ್ರದ ಗಾಡಿಯಿಂದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ಹಿತ್ತಲಲ್ಲಿ ಪೇರಿಸುತ್ತಿದ್ದರೆ, ಅವರು ತಂತಿಯ ಮೇಲಿದ್ದ ಬಿಳಿ ಬೆಡ್‌ಶೀಟುಗಳನ್ನು ಇನ್ನೂ ಹಸಿ ಇರುವಾಗಲೇ ಎಳೆದೆಳೆದು ಹೆಗಲಿಗೆ ಹಾಕಿಕೊಂಡು, ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ನಡೆದರು.

ಮೂಗು ಮುಚ್ಚಿಕೊಂಡದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಪೆಟ್ಟಿಗೆಗಳ ಚಂದವೇ ಹಾಗಿತ್ತು. ಮೂಲೆಮೂಲೆಗೆ ಜೇಡರ ಬಲೆ, ಅಂಚುಗಳಲ್ಲಿ ಕಪ್ಪಗೆ ಗಟ್ಟಿಯಾದ ಅಂಟು, ಒಳಗಿನ ಮರದ ಚೌಕಟ್ಟುಗಳಲ್ಲಿ ಹುಳ ತಿಂದು ನೂಲು ಸುತ್ತಿದ್ದ ಹಳೆಯ ಮೇಣ. ಒಂದರಲ್ಲಿ ಇಲಿ ಸಂಸಾರ ಹೂಡಿ ಹೋದ ಗುರುತೂ ಇತ್ತು. ಜೊತೆಗೆ ನೊಣಗಳನ್ನು ಸುಮ್ಮನಾಗಿಸುವ, ತುಕ್ಕು ಹಿಡಿದ ಹೊಗೆಡಬ್ಬಿ, ಮುಖಕ್ಕೆ ಬಲೆ ಇಳಿಬಿಟ್ಟ ಹರಕು ಟೋಪಿ, ಜೇನು ತೆಗೆಯುವ ತಗಡಿನ ಪೀಪಾಯಿ. ಪೀಪಾಯಿಯ ಹಿಡಿ ತಿರುಗಿಸಿದರೆ ಮುದಿ ನಾಯಿ ಗೊಣಗಿದ ಹಾಗೆ ಸದ್ದು ಬರುತ್ತಿತ್ತು.

ಶಾಲೆಯಿಂದ ಬಂದ ಗುಬ್ಬಿ ಚೀಲ ಕೆಳಗಿಡದೆಯೇ ಹಿಡಿ ತಿರುಗಿಸಿ ನೋಡಿದಳು. ಹೆಸರಿಗೆ ತಕ್ಕಂತೆ ಮೈ ಚಿಕ್ಕದು, ಬಾಯಿ ದೊಡ್ಡದು.

"ಅಮ್ಮ, ಇದೆಲ್ಲ ನಮ್ದಾ?"

"ನಮ್ದೇ," ಎಂದಳು ಸೊಸೆ.

"ಅಜ್ಜಿ ಮಾತು ಬಿಟ್ಟಿದಾರೆ, ಗೊತ್ತಾ?"

"ಗೊತ್ತು. ಹೋಗಿ ಕೈಕಾಲು ತೊಳ್ಕೋ."

ಅದು ಬಟ್ಟೆ ಒಗೆಯುವ ಮನೆ. ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಬೆಡ್‌ಶೀಟು, ದಿಂಬಿನ ಚೀಲ, ಟವೆಲು ಎಲ್ಲ ಬರುವುದು ಇಲ್ಲಿಗೇ. ಹಿತ್ತಲ ಒಲೆಯ ಮೇಲಿನ ದೊಡ್ಡ ಹಂಡೆಯಲ್ಲಿ ಸೋಡಾ ಹಾಕಿ ಕುದಿಸುವುದು ಅತ್ತೆ, ಒಗೆದು ಹಿಂಡುವುದು ಸೊಸೆ, ಮುಂದಿನ ಕೋಣೆಯಲ್ಲಿ ಕೆಂಡದ ಇಸ್ತ್ರಿ ತಿಕ್ಕುವುದು ಮಾವ, ತರುವುದು ಕೊಡುವುದು ಮಗ. ಕರೆಂಟಿನ ಇಸ್ತ್ರಿಯೂ ಮನೆಯಲ್ಲಿತ್ತು. "ಅದಕ್ಕೆ ತೂಕ ಇಲ್ಲ, ಹಗುರ ಮನುಷ್ಯರಿದ್ದಂಗೆ," ಎಂದು ಮಾವ ಅದನ್ನು ಅಟ್ಟಕ್ಕೆ ಹಾಕಿದ್ದರು.

ಹೀಗೆ ಕೈಯಿಂದ ಕೈಗೆ ನಡೆಯುತ್ತಿದ್ದ ಕೆಲಸದಲ್ಲಿ ಒಂದು ಕೈ ಕಳಚಿಕೊಂಡಿತ್ತು. ಸೋಡಾ ನೀರಿಗೆ ಸೊಸೆಯ ಕೈ ಒಡೆದು, ಬೆರಳ ಸಂದಿಯಲ್ಲಿ ರಕ್ತ ಜಿನುಗಿ, ಕೊನೆಗೆ ಲಾಡ್ಜಿನ ಬಿಳಿ ಶೀಟಿನ ಮೇಲೆ ಕೆಂಪು ಗುರುತು ಬಿದ್ದಿತ್ತು. ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, "ಈ ಕೈ ಇನ್ನು ಸೋಡಾ ನೀರು ಮುಟ್ಟಬಾರದಮ್ಮ. ವಾಸಿ ಆಗೋವರೆಗೆ ಅಲ್ಲ, ಯಾವತ್ತೂ," ಎಂದಿದ್ದರು.

ಒಗೆಯುವುದಕ್ಕೆ ಬೇರೆ ಹೆಂಗಸನ್ನು ಗೊತ್ತುಮಾಡಿಕೊಂಡದ್ದಾಯಿತು. ಸಂಬಳ ಹೊರಗೆ ಹೋಗತೊಡಗಿದ ಮೇಲೆ ಸಂಸಾರ ತೂಗಿಸುವುದು ಕಷ್ಟವಾಯಿತು. ಬೇರೆ ಊರಿನಲ್ಲಿ ಮೊಳೆ, ಪೈಪು, ಬಣ್ಣದ ಡಬ್ಬಿಗಳ ಅಂಗಡಿ ಇಟ್ಟಿದ್ದ ಸೊಸೆಯ ಅಣ್ಣ ಫೋನು ಮಾಡಿ, "ಗಲ್ಲಾದಲ್ಲಿ ಕೂರೋಕೆ ನಂಬಿಕೆಯವರು ಬೇಕು. ಗುಬ್ಬೀನೂ ಕರ್ಕೊಂಡು ಬಾ, ಇಲ್ಲೇ ಶಾಲೆಗೆ ಸೇರಿಸೋಣ. ಭಾವ ವಾರಕ್ಕೊಂದ್ಸಲ ಬಂದು ಹೋಗಲಿ," ಎಂದ. ಊಟಕ್ಕೆ ಕೂತಾಗ ಮಗ ಅದನ್ನು ಎಲ್ಲರ ಮುಂದೆ ಹೇಳಿದ. ಯಾರೂ ಬೇಡ ಅನ್ನಲಿಲ್ಲ. ಅತ್ತೆ ಬೇಳೆಯ ಪಾತ್ರೆಯನ್ನು ಈಚೆಯಿಂದ ಆಚೆಗೆ ಸರಿಸಿದರು, ಅಷ್ಟೇ.

ಯಾರೂ ಬೇಡ ಅನ್ನಲಿಲ್ಲವಲ್ಲ ಎನ್ನುವುದೇ ಸೊಸೆಗೆ ಚುಚ್ಚಿತು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಅಣ್ಣ ಒಳ್ಳೆಯವನು, ಅತ್ತಿಗೆಯೂ ಕೆಟ್ಟವಳಲ್ಲ. ಆದರೂ ಅದು ಅವರ ಮನೆ. ಇಲ್ಲಿ ಹೊಗೆ, ಸೋಡಾ, ಅತ್ತೆಯ ಬಾಯಿ ಎಲ್ಲ ಇದ್ದರೂ ಇದು ತನ್ನದು. ಶಾಲೆಯ ವರ್ಷ ಮುಗಿಯಲಿ, ಆಮೇಲೆ ನೋಡೋಣ ಎಂದು ಗಡುವು ಕೇಳಿಕೊಂಡಳು.

ಆ ಗಡುವಿನೊಳಗೆ ಅವಳು ಹುಡುಕಿಕೊಂಡ ದಾರಿ ಜೇನು. ಊರಾಚೆಯ ಹಣ್ಣಿನ ತೋಟದಲ್ಲಿ ಜೇನು ಸಾಕುವ ತರಬೇತಿ ಇದೆ ಎಂದು ಕೇಳಿ, ಗುಬ್ಬಿಯನ್ನು ಶಾಲೆಗೆ ಬಿಟ್ಟು ಹಾಗೇ ಅಲ್ಲಿಗೆ ಹೋಗಿ ಕೂತು ಕಲಿತಳು. ಜೇನುನೊಣಗಳಿಗೆ ಅವಳ ಕೈ ಕಂಡರೆ ಭಯವಿರಲಿಲ್ಲ, ಅವಳಿಗೂ ಅವುಗಳದ್ದಿರಲಿಲ್ಲ. ತೋಟದ ಮೇಲ್ವಿಚಾರಕರಿಗೆ ಅದು ಹಿಡಿಸಿತು. "ಮರ ಹೂ ಬಿಡೋ ಹೊತ್ತಿಗೆ ಒಂದು ಹಿಂಡು ನಿಂಗೆ ಕೊಡ್ತೀನಿ. ಪೆಟ್ಟಿಗೆ ಮಾತ್ರ ನಿಂದೇ. ಹಿಂಡು ನಿಂತ್ರೆ ನಮ್ಮ ತೋಟದ ಪೆಟ್ಟಿಗೆಗಳನ್ನೆಲ್ಲ ನೋಡ್ಕೊಳ್ಳೋ ಕೆಲಸ ನಿಂದು. ನಿಲ್ಲದಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ," ಎಂದರು.

ಹೊಸ ಪೆಟ್ಟಿಗೆ ಕೊಳ್ಳುವ ಶಕ್ತಿ ಇರಲಿಲ್ಲ. ವಿಚಾರಿಸಿದಾಗ ಸಿಕ್ಕವರು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು. ಮಂಡಿನೋವು ಬಂದ ಮೇಲೆ ಜೇನು ಬಿಟ್ಟಿದ್ದರು. ಸಾಮಾನೆಲ್ಲ ಸ್ನಾನದ ಮನೆಯ ಹಿಂದೆ ಬಿದ್ದಿತ್ತು. ಕೊಡುವಾಗ ಅವರು ಒಂದು ಮಾತನ್ನು ಮತ್ತೆ ಮತ್ತೆ ಹೇಳಿದರು.

"ಹಳೇ ಪೆಟ್ಟಿಗೇನ ಹಾಗೇ ಇಡಬೇಡಮ್ಮ. ಹುಳ, ರೋಗ ಎಲ್ಲ ಮರದೊಳಗೆ ಕೂತಿರುತ್ತೆ. ಸೋಡಾ ಹಾಕಿ ಕುದಿಸಿ ತೊಳೀಬೇಕು. ಇಲ್ಲಾಂದ್ರೆ ಒಳಗೆಲ್ಲ ಬೆಂಕಿ ತೋರಿಸಬೇಕು. ನಿಮ್ಮನೇಲಿ ದೊಡ್ಡ ಹಂಡೆ ಗಿಂಡೆ ಇದೆಯಾ?"

ಎಷ್ಟೋ ತಿಂಗಳ ಮೇಲೆ ಸೊಸೆ ಅಂದು ಜೋರಾಗಿ ನಕ್ಕಳು. ಪೋಸ್ಟ್‌ಮ್ಯಾನ್‌ಗೆ ಕಾರಣ ತಿಳಿಯದೆ, ಪಾಪ, ಅವರೂ ನಕ್ಕರು.

ಮನೆಗೆ ಬಂದ ಮೇಲೆ ನಗು ಇಂಗಿತು. ಹಂಡೆ ಇತ್ತು, ಸೋಡಾ ಇತ್ತು, ಒಲೆ ಇತ್ತು. ಮುಟ್ಟುವ ಕೈ ಅವಳದಲ್ಲ. ಮುಟ್ಟಬಲ್ಲ ಕೈ ಮಾತು ಬಿಟ್ಟು ಕೂತಿತ್ತು.

ಎರಡು ದಿನ ಕಳೆದ ಮೇಲೆ, ಆಲೂಗಡ್ಡೆ ಸುಲಿಯುತ್ತಾ ಸೊಸೆ ಮೆಲ್ಲಗೆ ಎತ್ತಿದಳು.

"ಅತ್ತೆ, ಒಂದು ಭಾನುವಾರ ಹಂಡೆ ಖಾಲಿ ಇದ್ದಾಗ..."

"ಹಂಡೆ ಯಾವತ್ತೂ ಖಾಲಿ ಇರಲ್ಲ." ಮಾತು ಮರಳಿತು, ಆದರೆ ಬೀಗದಷ್ಟೇ ಗಟ್ಟಿಯಾಗಿ. "ಜನ ಮೈ ಹಚ್ಚಿ ಮಲಗೋ ಬಟ್ಟೆ ಬೇಯೋ ಹಂಡೆ ಅದು. ಅದರಲ್ಲಿ ಇಲಿ ಗೂಡು ಕುದಿಸ್ತೀಯಾ? ಲಾಡ್ಜಿನ ಮ್ಯಾನೇಜರಿಗೆ ಗೊತ್ತಾದ್ರೆ ನಾಳೆಯಿಂದ ನಾವೆಲ್ಲ ನಿನ್ನ ನೊಣಾನೇ ಇಸ್ತ್ರಿ ಮಾಡ್ಬೇಕು."

"ಇಲಿ ಗೂಡು ತೆಗ್ದಾಗಿದೆ ಅತ್ತೆ."

"ವಾಸನೆ ತೆಗ್ದಿದ್ದೀಯಾ?"

ಮಾವ ಅಷ್ಟರಲ್ಲಿ ಚಹಾ ಕೇಳುವ ನೆಪದಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. "ಒಂದು ಸಲ ಕುದಿಸಿದ್ರೆ ಏನಾಗುತ್ತೆ ಇವಳೇ? ಆಮೇಲೆ ತೊಳೆದ್ರಾಯ್ತು."

"ನೀವು ಇಸ್ತ್ರಿ ನೋಡ್ಕೊಳ್ಳಿ. ಹಂಡೆ ವಿಷಯ ನಂಗೆ ಬಿಡಿ."

ಮಾವ ಚಹಾ ಇಲ್ಲದೆಯೇ ವಾಪಸು ಹೋದರು. ಸೊಸೆ ಅಂದಿನಿಂದ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಹಳೆಯ ಚಾಕುವಿನಿಂದ ಅಂಟು ಕೆರೆಯತೊಡಗಿದಳು. ದಿನವಿಡೀ ಕೆರೆದರೂ ಒಂದು ಮೂಲೆ ಮುಗಿಯುತ್ತಿರಲಿಲ್ಲ. ಪ್ಲಾಸ್ಟಿಕ್ ಒಳಗೆ ಕೈ ಬೆವತು ಬಿರುಕುಗಳು ಉರಿಯುತ್ತಿದ್ದವು. ತೋಟದ ಕಡೆಯಿಂದ ಬಂದವರು ಮೊಗ್ಗು ಕಾಣಿಸಿಕೊಂಡಿದೆ ಎಂದು ಸುದ್ದಿ ತಂದರು.

ಬಂದ ಪೆಟ್ಟಿಗೆಗಳಲ್ಲಿ ಒಂದನ್ನು ಮಾವ ಮೊದಲ ದಿನವೇ ಎತ್ತಿಕೊಂಡು ಹೋಗಿದ್ದರು. ತಳ ಸೇರಿಸಿ ಮೊಳೆ ಹೊಡೆದಿದ್ದ, ಮುಚ್ಚಳ ಭದ್ರವಾಗಿದ್ದ ಪೆಟ್ಟಿಗೆ. ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಸೊಂಟ ಹಿಡಿದಾಗ ಕೂರಲು ಅದು ಹೇಳಿ ಮಾಡಿಸಿದಂತಿತ್ತು. "ಸಾಲ ಕೊಟ್ಟಿರು, ಹಿಂಡು ಬಂದಾಗ ವಾಪಸು ಕೊಡ್ತೀನಿ," ಎಂದು ಸೊಸೆಗೆ ಹೇಳಿದ್ದರು. ಒಂದು ಮಧ್ಯಾಹ್ನ ಗುಬ್ಬಿ ಓಡಿ ಬಂದು, "ಅಮ್ಮ, ಅಜ್ಜ ಪೆಟ್ಟಿಗೆಗೆ ಇಸ್ತ್ರಿ ಹಾಕ್ತಿದಾರೆ," ಎಂದಳು. ಸೊಸೆ ಹೋಗಿ ನೋಡಿದರೆ ನಿಜ. ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ, ಕೆಂಡ ತುಂಬಿದ ಇಸ್ತ್ರಿಯನ್ನು ಒಳಗೆ ತೂರಿಸಿ, ಮಾವ ಕಾಲರ್ ತಿಕ್ಕುವಷ್ಟೇ ನಿಧಾನವಾಗಿ ತಿಕ್ಕುತ್ತಿದ್ದರು. ಮರ ಕಂದು ಬಣ್ಣಕ್ಕೆ ತಿರುಗಿ, ಮೇಣ ಕರಗಿ ಒಳಕ್ಕಿಳಿದು ಹೊಳೆಯುತ್ತಿತ್ತು.

"ಏನು ಮಾವ, ಸುಕ್ಕು ಬಿಡಿಸ್ತಿದ್ದೀರಾ?"

"ಅಂಟು ಪ್ಯಾಂಟಿಗೆ ಹತ್ತುತ್ತಮ್ಮ. ಮತ್ತೆ ಆ ಪೋಸ್ಟಿನವರು ಬೆಂಕಿ ತೋರಿಸಬೇಕು ಅಂದ್ರಂತಲ್ಲ. ನನ್ನ ಹತ್ರ ಇರೋ ಬೆಂಕಿ ಇದೇ."

ಇಬ್ಬರೂ ನಕ್ಕು ಅದನ್ನು ಅಲ್ಲಿಗೇ ಮರೆತರು.

ಅತ್ತೆಯ ತಂಗಿಗೆ ಹುಷಾರಿಲ್ಲವೆಂದು ಒಂದು ದಿನ ಫೋನು ಬಂತು. ಅತ್ತೆ ಬೆಳಿಗ್ಗೆಯೇ ಬಸ್ಸು ಹತ್ತಿದರು. ಹತ್ತುವ ಮುಂಚೆ ಮಗನಿಗೆ ಊಟದ ವಿಷಯ, ಸೊಸೆಗೆ ಮುಲಾಮಿನ ವಿಷಯ, ಗಂಡನಿಗೆ ಹಂಡೆಯ ವಿಷಯ ಹೇಳಿದರು. ಗಂಡನಿಗೆ ಹೇಳಿದ್ದನ್ನು ಎರಡು ಸಲ ಹೇಳಿದರು.

ಬಸ್ಸು ತಿರುವು ದಾಟಿತೋ ಇಲ್ಲವೋ ಮಾವ ತೋಳು ಮಡಿಸಿದರು.

"ಅಪ್ಪ, ಬೇಡ. ಅಮ್ಮಂಗೆ ಗೊತ್ತಾದ್ರೆ ನಮ್ಮನ್ನೇ ಕುದಿಸ್ತಾಳೆ," ಎಂದ ಮಗ.

"ಪೆಟ್ಟಿಗೆ ಹಂಡೇಲಿ ಮುಳುಗಲ್ಲ, ಚೌಕಟ್ಟುಗಳನ್ನಾದ್ರೂ ಬೇಯಿಸಿ ಬಿಡೋಣ. ನಿನ್ನ ಹೆಂಡತಿ ಗಲ್ಲಾದಲ್ಲಿ ಹೋಗಿ ಕೂತ್ರೆ ನಿಂಗೆ ಸರಿಯಾ?"

ಮಗ ಹೋಗಿ ಸೌದೆ ತಂದ. ನೀರು ಕುದಿಯಿತು, ಚೌಕಟ್ಟುಗಳು ಮುಳುಗಿದವು. ಬೀದಿಗೆಲ್ಲ ಜೇನಿನ ಪರಿಮಳ ಹರಡಿ, ಎದುರು ಮನೆಯ ದರ್ಜಿ ಸೂಜಿ ಕೈಯಲ್ಲೇ ಹಿಡಿದು ಬಂದು, "ಏನು ವಿಶೇಷ?" ಎಂದು ವಿಚಾರಿಸಿಕೊಂಡು ಹೋದ. ಸೊಸೆ ದೂರ ನಿಂತು ಹೇಳಿಕೊಟ್ಟಳು. ಮೇಲೆ ತೇಲಿದ ಮೇಣವನ್ನು ಮಾವ ಸೌಟಿನಿಂದ ತೆಗೆದರು. ಚೌಕಟ್ಟುಗಳು ಹೊಸದರಂತೆ ಹೊರಬಂದವು. ಎಲ್ಲ ಮುಗಿದ ಮೇಲೆ ಅಪ್ಪ ಮಗ ಸೇರಿ ಹಂಡೆ ಬಗ್ಗಿಸಿ, ತಣ್ಣೀರು ಸುರಿದು ಚೆನ್ನಾಗಿ ತೊಳೆದು ಮೊದಲಿದ್ದ ಹಾಗೆ ಇಟ್ಟರು.

ಅಲ್ಲೇ ಎಡವಿದ್ದು. ಬಿಸಿ ಹಂಡೆಗೆ ತಣ್ಣೀರು ಬಿದ್ದರೆ ಮೇಣ ಹೋಗುವುದಿಲ್ಲ, ಕೂರುತ್ತದೆ. ಕಪ್ಪು ಹಂಡೆಯ ಮೈಗೆ ತೆಳ್ಳಗೆ ಕೂತ ಮೇಣ ಯಾರ ಕಣ್ಣಿಗೂ ಕಾಣಲಿಲ್ಲ.

ರಾತ್ರಿ ಬಸ್ಸಿಗೆ ಮರಳಿದ ಅತ್ತೆ ಮಾರನೆಯ ದಿನ ಎಂದಿನಂತೆ ಲಾಡ್ಜಿನ ಶೀಟುಗಳನ್ನು ಕುದಿಸಿದರು. ಹಸಿಯಲ್ಲಿ ಏನೂ ತಿಳಿಯಲಿಲ್ಲ. ಒಣಗಿದ ಮೇಲೆ ಮಡಿಸಲು ಹೋದರೆ ಅಲ್ಲಲ್ಲಿ ಕೈಗೆ ಗಡುಸು, ಬೆಳಕಿಗೆ ಹಿಡಿದರೆ ಮೊಂಬತ್ತಿ ಸುರಿದಂತೆ ಮಚ್ಚೆ. ಒಂದಲ್ಲ, ಎಲ್ಲ ಶೀಟುಗಳದ್ದೂ ಅದೇ ಕಥೆ. ಅತ್ತೆ ಒಂದು ಮಚ್ಚೆಯನ್ನು ಉಗುರಿನಿಂದ ಕೆರೆದು ಮೂಸಿದರು. ಮತ್ತೆ ಹಂಡೆಯ ಹತ್ತಿರ ಹೋಗಿ ಬೆರಳಾಡಿಸಿ ಮೂಸಿದರು.

"ಯಾರು?" ಎಂದರು.

ಮಗ ಗಾಡಿಯ ಚಕ್ರ ನೋಡಿದ. ಮಾವ ಇಸ್ತ್ರಿಯ ಕೆಂಡ ಊದಿದರು. "ನಾನೇ ಅತ್ತೆ," ಎಂದಳು ಸೊಸೆ.

"ನೀನು ಹಂಡೆ ಮುಟ್ಟಿದ್ರೆ ನಿನ್ನ ಕೈ ಹೀಗಿರ್ತಿತ್ತಾ? ಸುಳ್ಳು ಹೇಳೋಕೂ ಬರಲ್ಲ ಇವಳಿಗೆ. ರೀ, ಇತ್ತ ನೋಡಿ. ನಾನು ಎರಡು ಸಲ ಹೇಳಿ ಹೋಗಿದ್ದೆ."

"ಮೊದಲನೇ ಸಲ ಕೇಳಿಸ್ತು," ಎಂದರು ಮಾವ.

ಆಮೇಲೆ ಆದ ಗಲಾಟೆಗೆ ದರ್ಜಿ ಮತ್ತೊಮ್ಮೆ ಸೂಜಿ ಹಿಡಿದು ಬಂದ. ಲಾಡ್ಜಿನಿಂದ ಫೋನು ಬಂತು; ಸಂಜೆ ಮದುವೆ ಪಾರ್ಟಿ ಇಳಿಯುತ್ತದೆ, ಶೀಟು ಎಲ್ಲಿ ಎಂದು ಮ್ಯಾನೇಜರು ಕೇಳಿದ. ಅತ್ತೆ ಫೋನಿನಲ್ಲಿ ಬೆಣ್ಣೆಯಂಥ ದನಿಯಲ್ಲಿ, "ಇಸ್ತ್ರೀಲಿದೆ ಸಾರ್, ಬಿಸಿಬಿಸಿ ಕಳಿಸ್ತೀವಿ," ಎಂದು ಇಟ್ಟು, ತಿರುಗಿ ಎಲ್ಲರನ್ನೂ ಒಮ್ಮೆ ನುಂಗುವಂತೆ ನೋಡಿದರು. ಮನೆಯಲ್ಲಿದ್ದ ಹಳೇ ಪೇಪರನ್ನೆಲ್ಲ ತರಿಸಿದರು. ಅಟ್ಟದಿಂದ ಕರೆಂಟಿನ ಇಸ್ತ್ರಿಯೂ ಇಳಿಯಿತು. ಶೀಟಿನ ಕೆಳಗೊಂದು ಪೇಪರು, ಮೇಲೊಂದು ಪೇಪರು, ಅದರ ಮೇಲೆ ಇಸ್ತ್ರಿ. ಕರಗಿದ ಮೇಣವನ್ನು ಪೇಪರು ಹೀರುತ್ತಿತ್ತು. ಪೇಪರು ಬದಲಾಯಿಸುವುದು, ಮತ್ತೆ ತಿಕ್ಕುವುದು. ಮಾವ ಒಂದು ಮೇಜಿನಲ್ಲಿ, ಸೊಸೆ ಒಂದು ಮೇಜಿನಲ್ಲಿ. ಮಗ ಕೆಂಡ ತುಂಬಿದ, ಗುಬ್ಬಿ ಪೇಪರು ಕತ್ತರಿಸಿದಳು. ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ. ಅತ್ತೆಯೇ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಂದು ಒಬ್ಬೊಬ್ಬರ ಬಾಯಿಗೆ ತುರುಕಿದರು, ಬೈಯುತ್ತಲೇ.

ಶೀಟುಗಳು ಹೊತ್ತಿಗೆ ಸರಿಯಾಗಿ ಹೋದವು. ಮ್ಯಾನೇಜರು ಈ ಸಲದ ಇಸ್ತ್ರಿ ಅದ್ಭುತವಾಗಿದೆ, ಗಂಜಿ ಹಾಕಿದ ಹಾಗಿದೆ ಎಂದು ಮಗನ ಬಳಿ ಹೇಳಿ ಕಳಿಸಿದ. ಅದನ್ನು ಕೇಳಿ ಮೊದಲು ನಕ್ಕವರು ಅತ್ತೆ. ನಕ್ಕ ಮೇಲೆ ಸಿಟ್ಟನ್ನು ಪೂರ್ತಿ ಉಳಿಸಿಕೊಳ್ಳುವುದು ಅವರಿಂದಾಗಲಿಲ್ಲ. ಹಂಡೆಗೆ ಬಿಸಿನೀರು, ಬೂದಿ ಹಾಕಿ ಉಜ್ಜಿ ಉಜ್ಜಿ ಮೇಣದ ಕೊನೆಯ ಗುರುತನ್ನೂ ತೆಗೆದರು. ಹಾಗೇ ಕಣ್ಣು ಹಿತ್ತಲಿನ ಪೆಟ್ಟಿಗೆಗಳ ಮೇಲೆ ಬಿತ್ತು. ಸೊಸೆ ವಾರಗಟ್ಟಲೆ ಕೆರೆದಿದ್ದ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು.

"ಇದನ್ನ ತೊಳೆದಿದ್ದು ಅಂತಾರಾ? ನಾಚಿಕೆಗೇಡು. ಒಗೆಯೋ ಮನೇಲಿದ್ದು ಇಂಥ ಕೊಳೆ ಇಟ್ಕೊಂಡ್ರೆ ನೋಡಿದವರು ಏನಂತಾರೆ? ತೂತು ಬಿದ್ದ ಹಳೇ ಡ್ರಮ್ಮಿದೆಯಲ್ಲ, ಅದಕ್ಕೆ ಬೆಸುಗೆ ಹಾಕಿಸ್ಕೊಂಡು ಬಾರೋ. ನೀನು ದೂರ ನಿಂತ್ಕೋ. ಕೈ ತಂದೆ ಅಂದ್ರೆ ನೋಡು."

ಸೊಸೆ ದೂರ ನಿಂತಳು. ಬೇಡ ಅನ್ನುವ ಧೈರ್ಯವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಲಾಡ್ಜಿನ ಕೆಲಸ ಮುಗಿದ ಮೇಲೆ ದಿನವೂ ಅತ್ತೆ ಡ್ರಮ್ಮಿನ ಮುಂದೆ ಕೂತರು. ಕುದಿಸಿದರು, ತಂತಿ ಬ್ರಶ್ಶಿನಿಂದ ಉಜ್ಜಿದರು, ಮತ್ತೆ ಕುದಿಸಿದರು. ಹೊಗೆಡಬ್ಬಿ ಕನ್ನಡಿಯಂತಾಯಿತು. ಟೋಪಿಯ ಬಲೆಗೆ ದರ್ಜಿಯಿಂದ ಹೊಲಿಗೆ ಹಾಕಿಸಿದರು. ಚೌಕಟ್ಟುಗಳನ್ನು ಮಾತ್ರ ಮುಟ್ಟಲಿಲ್ಲ. ತನ್ನ ಶೀಟು ಕೆಡಿಸಿದ ಆ ಕಟ್ಟಿಗೆಗಳ ಮೇಲೆ ಅವರಿಗೆ ಇನ್ನೂ ಕೋಪವಿತ್ತು. ಕೊನೆಗೆ ಪೆಟ್ಟಿಗೆಗಳು ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗೆ ಸಾಲಾಗಿ ಒಣಗುತ್ತಿದ್ದರೆ, ಸೊಸೆಗೆ ಕಣ್ಣು ತುಂಬಿ ಬಂತು. ಇಷ್ಟು ದಿನಗಳಲ್ಲಿ ಮೊದಲ ಸಲ ಅವಳಿಗೆ ತಾನು ಇಲ್ಲಿಯೇ ಉಳಿಯಬಹುದು ಅನ್ನಿಸಿತು.

ತೋಟ ಹೂ ಬಿಟ್ಟಿತು. ಮೇಲ್ವಿಚಾರಕರು ಹೇಳಿದ ಹಾಗೆ ಒಂದು ಸಂಜೆ ಬುಟ್ಟಿಯಲ್ಲಿ ಹಿಂಡು ತುಂಬಿ, ಬಟ್ಟೆ ಕಟ್ಟಿ ಕೊಟ್ಟರು. ಮಗ ಗಾಡಿಯನ್ನು ಬಸುರಿ ಹೆಂಗಸನ್ನು ಕೂರಿಸಿಕೊಂಡವನ ಹಾಗೆ ಓಡಿಸಿಕೊಂಡು ಬಂದ. ಹಿತ್ತಲ ಮೂಲೆಯಲ್ಲಿ ಬಿಳಿ ಪೆಟ್ಟಿಗೆ ಇಟ್ಟು, ಚೌಕಟ್ಟು ಜೋಡಿಸಿ, ಸೊಸೆ ಹಿಂಡನ್ನು ಮೆತ್ತಗೆ ಒಳಗೆ ಇಳಿಸಿದಳು. ಅತ್ತೆ ಅಡಿಗೆಮನೆಯ ಕಿಟಕಿಯಿಂದ ನೋಡಿದರು.

ಬೆಳಿಗ್ಗೆ ಎದ್ದು ನೋಡಿದರೆ ನೊಣಗಳೆಲ್ಲ ಪೆಟ್ಟಿಗೆಯ ಹೊರಗೆ ಗಡ್ಡ ಬಿಟ್ಟ ಹಾಗೆ ಜೋತುಬಿದ್ದಿದ್ದವು. ಸೊಸೆ ಮತ್ತೆ ಒಳಗೆ ಸೇರಿಸಿದಳು. ಸ್ವಲ್ಪ ಹೊತ್ತಿಗೇ ಮತ್ತೆ ಹೊರಗೆ. ಪಕ್ಕದ ಇನ್ನೊಂದು ಪೆಟ್ಟಿಗೆಗೆ ಬದಲಾಯಿಸಿದರು. ಈ ಸಲ ನೊಣಗಳು ಒಳಗೆ ಹೋದಂತೆ ಮಾಡಿ, ಒಮ್ಮೆಲೇ ಮೇಲೆದ್ದು, ಹಿತ್ತಲ ತುಂಬ ಗುಂಯ್‌ಗುಟ್ಟಿ, ಬಟ್ಟೆ ಒಣಗಿಸುವ ತಂತಿಯ ಕಂಬಕ್ಕೆ ಹೋಗಿ ಗೊಂಚಲಾಗಿ ಕೂತವು.

ಮೇಲ್ವಿಚಾರಕರಿಗೆ ಫೋನು ಮಾಡಿದರೆ, "ಕಂಬಕ್ಕೆ ಕೂತಿದ್ರೆ ಇನ್ನೂ ಜಾಗ ಹುಡುಕ್ತಿವೆ ಅಂತ ಅರ್ಥ. ಸಿಕ್ತು ಅಂದ್ರೆ ಎದ್ದು ಹೋಗ್ತವೆ, ಆಮೇಲೆ ಹಿಡಿಯೋಕಾಗಲ್ಲ. ಬೇಗ ನೋಡಮ್ಮ. ಪೆಟ್ಟಿಗೇಲಿ ಏನೋ ಹಿಡಿಸ್ತಿಲ್ಲ ಅವಕ್ಕೆ," ಎಂದರು.

ಸೊಸೆ ಬಿಳಿ ಪೆಟ್ಟಿಗೆಯೊಳಗೆ ತಲೆ ತೂರಿಸಿ ಉಸಿರೆಳೆದಳು. ಲಾಡ್ಜಿನ ಕೋಣೆಯ ಬಾಗಿಲು ತೆಗೆದಂತಿತ್ತು. ಹೂವಿನ ಹೆಸರಿಟ್ಟ, ಯಾವ ಹೂವಿಗೂ ಇಲ್ಲದ ಪರಿಮಳ.

"ಅತ್ತೆ, ಕೊನೇ ನೀರಿಗೆ ಏನು ಹಾಕಿದ್ರಿ?"

"ಏನು ಹಾಕ್ತಾರೆ? ಬಟ್ಟೆಗೆ ಹಾಕೋ ಸೆಂಟೇ. ಹಳೇ ವಾಸನೆ ಹೋಗಲಿ ಅಂತ ಒಂದು ಕೈ ಹೆಚ್ಚಾಗೇ ಹಾಕ್ದೆ, ಒಂದು ರಾತ್ರಿ ನೆನೆಸಿಟ್ಟೆ. ಲಾಡ್ಜಿನ ಶೀಟಿಗೂ ಅದೇ ಹಾಕೋದು. ಅದರ ಮೇಲೆ ಮಲಗಿದವರು ಯಾರೂ ಎದ್ದು ಓಡಿ ಹೋಗಿಲ್ಲ."

ಬೇರೆ ದಿನವಾಗಿದ್ದರೆ ಮನೆಯೆಲ್ಲ ನಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಎಂದೂ ಆಡದ ಮಾತು ಸೊಸೆಯ ಬಾಯಿಗೆ ಬಂತು.

"ನನ್ನನ್ನ ಅಣ್ಣನ ಮನೆಗೆ ಕಳಿಸ್ಬೇಕು ಅಂತಾನೇ ಮಾಡಿದ್ರಾ?"

ಮಗ, "ಏಯ್," ಎಂದ. ಅತ್ತೆ ಅವನನ್ನು ಕೈಯಿಂದಲೇ ತಡೆದರು. ಆ ಕೈಯನ್ನು ಹಾಗೇ ಸೊಸೆಯ ಮುಂದೆ ಹಿಡಿದರು. ಬೆರಳ ಸಂದಿಗಳೆಲ್ಲ ಕೆಂಪಗೆ ಒಡೆದಿದ್ದವು. ಎರಡು ಕಡೆ ಬಟ್ಟೆ ಸುತ್ತಿತ್ತು. ಅವರ ಕೈ ಗಟ್ಟಿ, ಎಷ್ಟು ವರ್ಷದ ಸೋಡಾಕ್ಕೂ ಜಗ್ಗದ್ದು ಎಂದು ಮನೆಯಲ್ಲಿ ಹೆಸರಿತ್ತು.

"ನಿನ್ನನ್ನ ಕಳಿಸೋ ಹಾಗಿದ್ರೆ ನಾನ್ಯಾಕೆ ದಿನಾ ಸಾಯಂಕಾಲ ಆ ಡ್ರಮ್ಮಿನ ಮುಂದೆ ಕೂರ್ತಿದ್ದೆ? ನಿನ್ನ ಮುಲಾಮು ಡಬ್ಬಿ ಖಾಲಿ ಆಗಿದೆ, ನೋಡ್ಕೊಂಡಿದ್ದೀಯಾ?"

"ಮತ್ತೆ ಅವತ್ತು ಊಟದಲ್ಲಿ ಬೇಡ ಅನ್ನಲಿಲ್ಲ ನೀವು."

"ಅಂದ್ರೆ? ಇಲ್ಲೇ ಇರು, ಕೈ ಕೊಳೆಸ್ಕೋ ಅನ್ಬೇಕಿತ್ತಾ? ಅಲ್ಲಾದ್ರೂ ಕೈ ಚೆನ್ನಾಗಿರುತ್ತೆ ಅಂತ ಸುಮ್ನಿದ್ದೆ. ನೀನಿಲ್ಲದೆ ಈ ಮನೇಲಿ ನಾನು ಯಾರನ್ನ ಬೈಲಿ? ಇವರಿಗೆ ಕಿವಿ ಕೇಳ್ಸಲ್ಲ, ಅವನಿಗೆ ನಾಚಿಕೆ ಇಲ್ಲ."

ಅತ್ತೆ ಅತ್ತರು. ಸೊಸೆ ಹೋಗಿ ಆ ಕೈ ಹಿಡಿದುಕೊಂಡಳು. ಇಬ್ಬರ ಬಿರುಕು ಕೈಗಳೂ ಉರಿದವು, ಇಬ್ಬರೂ ಬಿಡಲಿಲ್ಲ.

"ಅಜ್ಜಿ, ನೊಣ ಹೋಗ್ತವೆ," ಎಂದು ಗುಬ್ಬಿ ಅತ್ತೆಯ ಸೆರಗು ಜಗ್ಗಿದಳು. ಕಂಬದ ಗೊಂಚಲು ಅಲುಗಾಡುತ್ತಿತ್ತು. ಕೆಲವು ನೊಣಗಳು ಗೋಡೆಯಾಚೆಗೆ ಹೋಗಿ ಬರುತ್ತಿದ್ದವು.

"ಸೆಂಟು ಹಾಕದೇ ಇರೋ ಪೆಟ್ಟಿಗೆ ಒಂದೂ ಇಲ್ವಾ?" ಎಂದ ಮಗ.

ಆಗ ಮಾವ ನಿಧಾನವಾಗಿ ಮುಂದಿನ ಕೋಣೆಗೆ ಹೋದರು. ಬರುವಾಗ ತಮ್ಮ ಆಸನವನ್ನು ಎದೆಗವಚಿಕೊಂಡು ಬಂದರು. ಸೊಸೆ ಮುಚ್ಚಳ ತೆಗೆದು ಮೂಸಿದಳು. ಬಿಸಿ ಮರ, ಕರಗಿದ ಮೇಣ, ಒಂಚೂರು ಹೊಗೆ. ಹಂಡೆಯಲ್ಲಿ ಬೆಂದ ಚೌಕಟ್ಟುಗಳಲ್ಲಿ ಇನ್ನೂ ಒಂದಷ್ಟು ಬಳಸದೇ ಉಳಿದಿದ್ದವು. ಅತ್ತೆ ಕೋಪ ಮಾಡಿಕೊಂಡು ಮುಟ್ಟದೇ ಬಿಟ್ಟದ್ದು ಒಳ್ಳೆಯದೇ ಆಯಿತು. ಅವನ್ನು ಒಳಗೆ ಜೋಡಿಸಿದಳು.

"ನೆಲಕ್ಕೆ ಏನಾದ್ರೂ ಬಿಳೀದು ಹಾಸ್ಬೇಕು. ಅದರ ಮೇಲೆ ಕೆಡವಿದ್ರೆ ನಡ್ಕೊಂಡು ಒಳಗೆ ಹೋಗ್ತವೆ," ಎಂದಳು.

ಎಲ್ಲರೂ ಅತ್ತೆಯನ್ನು ನೋಡಿದರು. ಲಾಡ್ಜಿಗೆ ಹೋಗಲು ಮಡಿಸಿಟ್ಟಿದ್ದ ಶೀಟುಗಳ ರಾಶಿ ಪಡಸಾಲೆಯಲ್ಲಿತ್ತು. ಅತ್ತೆ ಒಳಗೆ ಹೋದರು. ರಾಶಿಯನ್ನು ಮುಟ್ಟಲಿಲ್ಲ, ಬೀರು ತೆಗೆದು, ಇನ್ನೂ ಒಗೆಯದ, ಸೆಂಟು ತಾಗದ ಹೊಸ ಬಿಳಿ ಶೀಟೊಂದನ್ನು ತಂದರು. ಯಾವಾಗಲೋ ತಮಗೆಂದು ತೆಗೆದಿಟ್ಟುಕೊಂಡಿದ್ದು. ಅದನ್ನು ಒಂದು ಸಲ ಕೊಡವಿ, ಪೆಟ್ಟಿಗೆಯ ಬಾಯಿಂದ ಕಂಬದ ಬುಡದವರೆಗೆ ಸುಕ್ಕಿಲ್ಲದ ಹಾಗೆ ಹಾಸಿದರು.

ಸೊಸೆ ಟೋಪಿ ಹಾಕಿಕೊಂಡು ಕಂಬವನ್ನು ಒಮ್ಮೆ ಕುಲುಕಿದಳು. ಗೊಂಚಲು ದೊಪ್ಪೆಂದು ಶೀಟಿನ ಮೇಲೆ ಬಿತ್ತು. ಒಂದು ಗಳಿಗೆ ಎಲ್ಲ ಗಲಿಬಿಲಿ. ಆಮೇಲೆ ಮುಂದಿನ ಒಂದು ನೊಣ ಪೆಟ್ಟಿಗೆಯ ಬಾಯಿಗೆ ಹೋಗಿ ನಿಂತು, ಬಾಲ ಎತ್ತಿ ರೆಕ್ಕೆ ಬೀಸತೊಡಗಿತು. ಅದರ ಹಿಂದೆ ಇನ್ನೊಂದು. ಅವುಗಳ ಹಿಂದೆ ಇಡೀ ಹಿಂಡು, ಬಿಳಿ ಬಟ್ಟೆಯ ಮೇಲೆ ಕಂದು ಪಟ್ಟಿಯಾಗಿ, ಯಾರೋ ಕರೆದ ಹಾಗೆ ಒಳಗೆ ನಡೆಯಿತು.

"ಅದು ರಾಣಿ," ಎಂದು ಸೊಸೆ ನಡುವೆ ಸಾಗುತ್ತಿದ್ದ ಉದ್ದನೆಯ ನೊಣವೊಂದನ್ನು ತೋರಿಸಿ ಪಿಸುಗುಟ್ಟಿದಳು. "ಹೋಯ್ತು. ಒಳಗೆ ಹೋಯ್ತು."

ಮಾವ ಅಲ್ಲೇ ನೆಲಕ್ಕೆ ಕುಕ್ಕರಿಸಿದರು. ಮಗ ಬೆನ್ನ ಮೇಲಿನ ಮೂಟೆ ಇಳಿಸಿದವನಂತೆ ಉಸಿರು ಬಿಟ್ಟ. ಗುಬ್ಬಿ, "ಅಜ್ಜ ಕೂತು ಕೂತು ಬೆಚ್ಚಗೆ ಮಾಡಿದ್ದಕ್ಕೇ," ಎಂದಳು. ಅದನ್ನು ಅಲ್ಲಗಳೆಯುವ ಮನಸ್ಸು ಯಾರಿಗೂ ಬರಲಿಲ್ಲ.

ಬೆಳಗ್ಗೆ ಹೊರಗೆ ಒಂದೂ ಜೋತುಬಿದ್ದಿರಲಿಲ್ಲ. ಮೂರನೆಯ ದಿನ ಕಾಲಿಗೆ ಹಳದಿ ಪರಾಗ ಅಂಟಿಸಿಕೊಂಡು ಬರತೊಡಗಿದವು. ಮೇಲ್ವಿಚಾರಕರು ಬಂದು ಮುಚ್ಚಳ ಎತ್ತಿ, ಹೊಸ ಬಿಳಿ ಮೇಣ ಇಳಿದಿರುವುದನ್ನು ನೋಡಿ, ಯಾವತ್ತಿಂದ ತೋಟಕ್ಕೆ ಬರ್ತೀಯಮ್ಮ ಎಂದು ಕೇಳಿದರು. ಹಿಂಡು ಇಷ್ಟು ಚೆನ್ನಾಗಿ ಕೂರಲು ಪೆಟ್ಟಿಗೆಗೆ ಏನು ಮಾಡಿದಿರಿ ಎಂದೂ ಕೇಳಿದರು. ಮಾವ ಕೆಮ್ಮಿದರು. ಉಳಿದ ಪೆಟ್ಟಿಗೆಗಳನ್ನು ಬಿಸಿಲಿಗೆ ಬೋರಲು ಹಾಕಿತ್ತು. ಸೆಂಟು ಹಾರಿದಂತೆ ಅವನ್ನೂ ಒಂದೊಂದಾಗಿ ಇಸ್ತ್ರಿ ಮೇಜಿಗೆ ತರುವುದೆಂದು ಆಗಲೇ ತೀರ್ಮಾನವಾಗಿತ್ತು.

ಆ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಸೊಸೆಯ ಅಣ್ಣನ ಫೋನು ಬಂತು. ಸೊಸೆಯ ಕೈಯಲ್ಲಿ ಅನ್ನವಿತ್ತು. ಅತ್ತೆ ಎಡಗೈಯಲ್ಲಿ ಫೋನು ಎತ್ತಿ ಕಿವಿಗಿಟ್ಟುಕೊಂಡರು. ಆ ಕಡೆಯ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಗಲ್ಲಾ ಖಾಲಿ ಇದೆ, ಶಾಲೆಯಲ್ಲಿ ಸೀಟು ಹೇಳಿಟ್ಟಿದ್ದೇನೆ, ಯಾವಾಗ ಕಳಿಸ್ತೀರಿ ಎಂದು ಅವನು ಕೇಳುತ್ತಿದ್ದುದು ಎಲ್ಲರಿಗೂ ಕೇಳಿಸುತ್ತಿತ್ತು.

"ನೀವು ಕೇಳಿದ್ದು ದೊಡ್ಡತನ ಕಣಪ್ಪ," ಎಂದರು ಅತ್ತೆ. "ಆದ್ರೆ ನಮ್ಮ ಹುಡುಗಿಗೆ ಪುರುಸೊತ್ತಿಲ್ಲ."

ಫೋನು ಕೆಳಗಿಟ್ಟು, ಬೇಳೆಯ ಪಾತ್ರೆಯನ್ನು ಸೊಸೆಯ ಕಡೆಗೆ ಸರಿಸಿದರು.